ಮಾಗಿಯ ಇರುಳಿನ ಊಟ

ಮಾರ್ಗಶಿರ ಕಳೆದು ಪುಷ್ಯ ಕಾಲಿಟ್ಟಿತೆಂದರೆ ಹಳೆಯ ಮೈಸೂರಿನ ಬಯಲುಸೀಮೆಯಲ್ಲಿ ಹೊತ್ತು ಬೇಗನೆ ಮುಳುಗುತ್ತದೆ. ರಾಗಿಯ ಕೊಯ್ಲು ಮುಗಿದು ಕಣದ ಬಳಿ ಮೆದೆ ಎದ್ದಿರುತ್ತದೆ. ರಾಗಿಯ ನಡುವೆ ಅಕ್ಕಡಿಸಾಲಾಗಿ ಬಿತ್ತಿದ್ದ ಅವರೆ ಇಬ್ಬನಿ ಕುಡಿದು ಸೊಗಡೇರಿರುತ್ತದೆ. ದಿನವೆಲ್ಲ ದುಡಿದು, ಕಂಬಳಿ ಹೊದ್ದು ಮನೆ ಸೇರುವ ಮನುಷ್ಯನಿಗೆ ಆಗ ಬೇಕಾದುದು ಭಕ್ಷ್ಯಭೋಜ್ಯಗಳಲ್ಲ. ಒಲೆಯ ಮುಂದೆ ಒಂದಿಷ್ಟು ಜಾಗ, ತಟ್ಟೆಯಲ್ಲಿ ಹಬೆಯಾಡುವ ಒಂದು ಮುದ್ದೆ, ಬಟ್ಟಲು ತುಂಬ ಕಾರವಾದ ಸಾರು. ಇಷ್ಟು ಅಲ್ಪ ಸಾಮಗ್ರಿಯಿಂದ ಇಷ್ಟು ತೃಪ್ತಿಯನ್ನು ಪಡೆಯುವ ವಿದ್ಯೆ ನಮ್ಮ ಹಿರಿಯರಿಗೆ ಹೇಗೆ ಸಿದ್ಧಿಸಿತು ಎಂಬುದು ಯೋಚಿಸತಕ್ಕ ಸಂಗತಿ.

ಮುದ್ದೆಯನ್ನೇ ನೋಡಿ. ರಾಗಿಯ ಹಿಟ್ಟು, ನೀರು, ಇಷ್ಟವಿದ್ದರೆ ಚಿಟಿಕೆ ಉಪ್ಪು: ಇಲ್ಲಿಗೆ ಸಾಮಗ್ರಿಯ ಪಟ್ಟಿ ಮುಗಿಯಿತು. ಒಂದು ಪಾವು ಹಿಟ್ಟಿಗೆ ಸುಮಾರು ಎರಡು ಪಾವು ನೀರು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಡಬೇಕು. ನೀರು ಕುದಿದೇಳುವಾಗ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೈಯಾಡಿಸದೆ, ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು. ಆಮೇಲೆ ಕೋಲಿನಿಂದ ಗಂಟಿಲ್ಲದಂತೆ ತೊಳಸಿ, ಒದ್ದೆಗೈಯಿಂದ ಮಣೆಯ ಮೇಲೆ ಉರುಳಿಸಬೇಕು. ಈ ಕೆಲಸಕ್ಕೆ ತೋಳಿನ ಬಲವಷ್ಟೇ ಸಾಲದು, ತಾಳ್ಮೆಯೂ ಬೇಕು. ಅವಸರದವರ ಮುದ್ದೆಯಲ್ಲಿ ಹಸಿಹಿಟ್ಟಿನ ಗಂಟು ತಪ್ಪುವುದಿಲ್ಲ. ನೀರನ್ನು ಹೀರಿ ಉಬ್ಬಿದ ಹಿಟ್ಟು ಬಿಸಿಯನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಚಳಿಯ ಇರುಳಿಗೆ ಅದು ಒಪ್ಪುವುದು ಇದಕ್ಕಾಗಿಯೇ.

ಇನ್ನು ಸಾರಿನ ಮಾತು. ಬಸ್ಸಾರು ಎಂಬ ಹೆಸರಿನಲ್ಲಿಯೇ ಮಿತವ್ಯಯದ ಸೂತ್ರ ಅಡಗಿದೆ. ಕಾಳನ್ನೂ ಸೊಪ್ಪನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ನೀರನ್ನು ಬಸಿಯುತ್ತಾರೆ. ಬಸಿದ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಚೂರು ಕಾಯಿ, ಒಂದು ಹಿಡಿ ಬೆಂದ ಕಾಳು ಇವುಗಳನ್ನು ಅರೆದು ಸೇರಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಒಲೆ, ಒಂದು ಉರಿ, ಎರಡು ವ್ಯಂಜನ! ಕಾಯಿಗೂ ಗತಿಯಿಲ್ಲದ ದಿನ ಉಪ್ಪೆಸರು ಉಂಟು: ಬಸಿದ ಕಟ್ಟಿಗೆ ಉಪ್ಪು, ಜೊತೆಗೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಿಸೆ ಕೂಡಿಸಿ ಕುಟ್ಟಿದ ಖಾರ. ಸೊಪ್ಪಿಗೂ ಸಂತೆಗೆ ಹೋಗಬೇಕಾಗಿರಲಿಲ್ಲ. ಅಣ್ಣೆ, ಗಣಿಕೆ, ಹೊನಗೊನ್ನೆ, ಕಿರಕಸಾಲೆ ಮೊದಲಾದವು ಹೊಲದ ಬದುವಿನಲ್ಲಿ ತಾವಾಗಿ ಬೆಳೆದು, ಬೆರಕೆಸೊಪ್ಪಾಗಿ ಮಡಿಲು ಸೇರುತ್ತಿದ್ದವು.

ಹುರುಳಿಯದು ಇನ್ನೊಂದು ಬಗೆ. ಬಡನೆಲದಲ್ಲಿ, ಅಲ್ಪ ಮಳೆಯಲ್ಲಿ ಬೆಳೆಯುವ ಈ ಕಾಳನ್ನು ಎತ್ತುಕುದುರೆಗಳ ಮೇವೆಂದು ಹೀಗಳೆದವರೇ ಬಹಳ. ಆದರೆ ಅದನ್ನು ನೆನೆಸಿ, ನಿಧಾನವಾಗಿ ಬೇಯಿಸಿ ಬಸಿದ ಕಟ್ಟಿನ ಸಾರು ಮರುದಿನ ಕಾಯಿಸಿದಾಗ ಇನ್ನಷ್ಟು ರುಚಿಗೊಳ್ಳುತ್ತದೆ. ಅವರೆಯಂತೂ ಮಾಗಿಯ ಅರಸು. ಬಲಿತ ಕಾಳನ್ನು ನೆನೆಯಿಟ್ಟು ಒಂದೊಂದನ್ನೇ ಬೆರಳಿನಿಂದ ಹಿತುಕಿ ಸಿಪ್ಪೆ ಬಿಡಿಸುವ ಕೆಲಸಕ್ಕೆ ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ. ಬೇಳೆ ಸಾರಿಗಾದರೆ ಸಿಪ್ಪೆ ಹಸುವಿನ ಬಾಯಿಗೆ. ಹಣ ಕೊಟ್ಟು ಕೊಳ್ಳಲಾಗದ ಸವಿಯನ್ನು ಇಲ್ಲಿ ಶ್ರಮ ಕೊಟ್ಟು ಪಡೆಯುತ್ತಾರೆ.

ಈ ಜೋಡಣೆ ಕೇವಲ ನಾಲಗೆಯ ವಿವೇಕವಲ್ಲವೆಂದು ಇಂದಿನ ಆಹಾರಶಾಸ್ತ್ರವೂ ಒಪ್ಪುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೀರಿದ ಸುಣ್ಣದಂಶವಿದೆ. ಅಕ್ಕಿಯಲ್ಲಿ ಅದು ತೀರ ಸ್ವಲ್ಪ. ರಾಗಿಯ ಹೊರಪದರ ತಿರುಳಿಗೆ ಬಿಗಿಯಾಗಿ ಅಂಟಿರುವುದರಿಂದ ಅದನ್ನು ಅಕ್ಕಿಯಂತೆ ಪಾಲಿಷ್ ಮಾಡುವ ಪದ್ಧತಿ ಬೆಳೆಯಲಿಲ್ಲ. ಇಡಿಯಾಗಿಯೇ ಬೀಸುವುದರಿಂದ ಸತ್ತ್ವ ಹಿಟ್ಟಿನಲ್ಲಿ ಉಳಿಯಿತು. ರಾಗಿಯ ಪ್ರೋಟೀನಿನಲ್ಲಿ ಕೊರತೆಯಾಗುವ ಲೈಸೀನನ್ನು ಅವರೆ, ಹುರುಳಿ ತುಂಬಿಕೊಡುತ್ತವೆ. ಪ್ರಯೋಗಶಾಲೆಯಿಲ್ಲದೆ ಒಲೆಯ ಮುಂದೆ ಕುಳಿತವರು ಅನುಭವದಿಂದಲೇ ಈ ಸಂಬಂಧವನ್ನು ಕುದುರಿಸಿದ್ದರು.

ಆದರೂ ರಾಗಿಗೆ ಪಂಕ್ತಿಯಲ್ಲಿ ಮಾನ ದೊರೆಯಲಿಲ್ಲ. ಕನಕದಾಸರ ರಾಮಧಾನ್ಯಚರಿತೆಯ ವಸ್ತುವೇ ಈ ಅವಮಾನ. ಬತ್ತವೂ ನರೆದಲೆಗನೆಂಬ ರಾಗಿಯೂ ಮೇಲುಕೀಳೆಂದು ಕಾದಾಡಿದಾಗ ಶ್ರೀರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಬತ್ತ ಕಂದುತ್ತದೆ, ರಾಗಿ ಕೆಡದೆ ಉಳಿದು ಗೆಲ್ಲುತ್ತದೆ. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದಿರುವ ಧಾನ್ಯದ ಗುಣವನ್ನೇ ಕವಿ ಕಥೆಯಾಗಿಸಿದ್ದಾನೆ. ನಮ್ಮ ಕಾಲಕ್ಕೆ ಬಂದರೆ, ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಬೆರೆಸಿ ‘ಇಂಡಾಫ್’ ತಳಿಗಳನ್ನು ರೂಪಿಸಿ, ಬಡವನ ಹಗೇವನ್ನು ಹಿಗ್ಗಿಸಿದರು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪಟ್ಟಣದ ಜಾಣರಿಗೂ ರಾಗಿ ಪ್ರಿಯವಾಯಿತು. ಬಣ್ಣದ ಪೊಟ್ಟಣದಲ್ಲಿ ಬಂದೊಡನೆ ಗೌರವವೂ ಬಂದಿತು, ಬೆಲೆಯೂ ಬಂದಿತು!

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಮರೆಮಾಚುವುದು ನ್ಯಾಯವಲ್ಲ. ಮಿತವ್ಯಯ ಬೇರೆ, ಅಭಾವ ಬೇರೆ. 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸೀಮೆಯ ಲಕ್ಷಾಂತರ ಜನ ಹಸಿವಿಗೂ ರೋಗಕ್ಕೂ ತುತ್ತಾದರು. ಬರಿದಾದ ಹಗೇವಿನ ಮುಂದೆ ಸರಳತೆಯ ಉಪದೇಶ ಕ್ರೂರ ಪರಿಹಾಸ್ಯ. ಬರವಿಲ್ಲದ ವರ್ಷಗಳಲ್ಲಿಯೂ ಮನೆಯ ಮಿತವ್ಯಯದ ಭಾರವನ್ನು ಹೊತ್ತವಳು ಹೆಚ್ಚಾಗಿ ಒಬ್ಬಳೇ. ಗಂಡಸರೂ ಮಕ್ಕಳೂ ಉಂಡೆದ್ದ ಮೇಲೆ ಕುಳಿತವಳ ತಟ್ಟೆಗೆ ಮುದ್ದೆಯ ಬದಲು ಪಾತ್ರೆಯ ತಳದ ಸೀಕು, ಸಾರಿನ ಬದಲು ತೊಳೆದ ನೀರು ಬಿದ್ದ ರಾತ್ರಿಗಳೆಷ್ಟೋ! ಆಕೆಯ ಹಸಿವನ್ನು ನಾವು ತ್ಯಾಗವೆಂದು ಹಾಡಿ ಹೊಗಳಿದೆವು. ತಟ್ಟೆಯನ್ನು ಮಾತ್ರ ತುಂಬಲಿಲ್ಲ.

ಆದುದರಿಂದ ಹಳೆಯ ಊಟವನ್ನು ಮರಳಿ ತರಬಯಸುವವರು ಹಳೆಯ ಪಂಕ್ತಿಭೇದವನ್ನು ಹೊರಗಿಟ್ಟು ಬರಲಿ. ಮುದ್ದೆ ಕೂಡಿಸಲು ಮನೆಯ ಗಂಡಸರ ತೋಳೂ ಬಳಕೆಗೆ ಬರಲಿ. ಅವರೆ ಹಿತುಕಲು ಮಕ್ಕಳ ಬೆರಳುಗಳಿವೆ. ಎಲ್ಲರ ಮುದ್ದೆಯೂ ಒಂದೇ ಗಾತ್ರದಲ್ಲಿ ಉರುಳಿ, ಎಲ್ಲರೂ ಒಂದೇ ಹೊತ್ತಿಗೆ ಕುಳಿತರೆ, ಎರಡು ಹಿಡಿ ಹುರುಳಿಯ ಆ ಸಾರಿನ ಮುಂದೆ ಮಾಗಿಯ ಚಳಿ ಸೋಲುವುದರಲ್ಲಿ ಸಂದೇಹವಿಲ್ಲ.