ನಮ್ಮ ಕಲಬುರಗಿ ಆಕಾಶದಾಗೂ ವಿಮಾನಕ್ಕ ಐಸ್ ಕಟ್ತದ, ಹೆಂಗ?

ಕಲಬುರಗಿ: ಆಳಂದ, ಅಫಜಲಪುರ, ಜೇವರ್ಗಿ ಕಡೆ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಇಂಥಲ್ಲಿ ಹಾರುವ ಸಣ್ಣ ವಿಮಾನಕ್ಕೆ ಐಸ್ ತೆಗೆಯುವ ವ್ಯವಸ್ಥೆ ಬೇಕು ಅಂದ್ರೆ ಜನ ನಗ್ತಾರ. ಆದರೂ ಬೇಕು. ರೆಕ್ಕೆಗಲ್ಲ, ಎಂಜಿನ್‌ಗೆ.

ರೆಕ್ಕೆ ಮಾತು ಮೊದಲು ಮುಗಿಸೋಣ. ಸೊನ್ನೆ ಡಿಗ್ರಿಗಿಂತ ಕೆಳಗಿದ್ದೂ ನೀರಾಗಿಯೇ ಉಳಿದ ಮೋಡದ ಹನಿ ರೆಕ್ಕೆಗೆ ಬಡಿದ ಕೂಡಲೇ ಗಟ್ಟಿಯಾಗ್ತದ. ರೆಕ್ಕೆಯ ಆಕಾರ ಕೆಟ್ಟು ವಿಮಾನ ಎತ್ತುವ ಶಕ್ತಿ ಕುಗ್ಗುತ್ತದೆ. ಅದಕ್ಕೆ ಕೆಲವು ವಿಮಾನಗಳ ರೆಕ್ಕೆಯ ಅಂಚಿಗೆ ಗಾಳಿ ತುಂಬಿ ಉಬ್ಬುವ ರಬ್ಬರ್ ಪಟ್ಟಿ ಇರುತ್ತದೆ, ಐಸ್ ಒಡೆದು ಉದುರಿಸುತ್ತದೆ. ಆದರೆ ಮಳೆಗಾಲದಲ್ಲಿ ನಮ್ಮ ಮೇಲೆ ಸೊನ್ನೆ ಡಿಗ್ರಿ ಸಿಗುವುದು ಸುಮಾರು 5 ಕಿ.ಮೀ. ಎತ್ತರದಲ್ಲಿ. ಮನೆಯಲ್ಲಿ ಕಟ್ಟಿದ ಪುಟ್ಟ ವಿಮಾನ ಸಾಮಾನ್ಯವಾಗಿ ಅಷ್ಟು ಮೇಲೆ ಹೋಗುವುದಿಲ್ಲ. ಸುಮ್ನ ಭಾರ ಯಾಕ?

ನಿಜವಾದ ಗಂಡಾಂತರ ಕಾರ್ಬೊರೇಟರ್‌ನಲ್ಲಿ. ಮದುವೆ ಮನ್ಯಾಗ ದೊಡ್ಡ ಒಲೆ ಹಚ್ಚಿದಾಗ ಗ್ಯಾಸ್ ಸಿಲಿಂಡರ್ ತಣ್ಣಗಾಗಿ ಬೆವರ್ತದಲ್ಲ, ಹಂಗ. ಪೆಟ್ರೋಲ್ ಆವಿಯಾಗುವಾಗ ಶಾಖ ಹೀರುತ್ತದೆ, ಇಕ್ಕಟ್ಟಿನ ಗಂಟಲಲ್ಲಿ ನುಗ್ಗುವ ಗಾಳಿಯೂ ತಣಿಯುತ್ತದೆ. ಎರಡೂ ಸೇರಿ ಉಷ್ಣತೆ 30 ಡಿಗ್ರಿಗೂ ಹೆಚ್ಚು ಇಳಿಯಬಹುದು. ಗಾಳಿಯ ತೇವ ಅಲ್ಲೇ ಐಸ್ ಆಗಿ ಎಂಜಿನ್ನಿನ ಉಸಿರು ಕಟ್ಟುತ್ತದೆ. ಹೊರಗೆ 38 ಡಿಗ್ರಿ ಇದ್ದರೂ, ತೇವಾಂಶ ಶೇ 50 ಇದ್ದರೂ ಇದು ಆಗಬಹುದು. ಹೆಚ್ಚು ಅಪಾಯ 21 ಡಿಗ್ರಿಗಿಂತ ಕಡಿಮೆ, ತೇವಾಂಶ ಶೇ 80ಕ್ಕಿಂತ ಹೆಚ್ಚಿದ್ದಾಗ. ಶ್ರಾವಣದ ಮೋಡದ ದಿನ ಒಂದೆರಡು ಕಿ.ಮೀ. ಮೇಲೇರಿದರೆ ಹೆಚ್ಚುಕಡಿಮೆ ಇದೇ ಹವೆ. ಅಂದ್ರ ಏಪ್ರಿಲ್ ಬಿಸಿಲಿಗಿಂತ ಜಿಟಿಜಿಟಿ ಮಳೆ ದಿನಾನೇ ಹುಷಾರ್ ಇರಬೇಕು.

ಪರಿಹಾರ ಸರಳ. ಸೈಲೆನ್ಸರ್ ಪೈಪಿನ ಸುತ್ತ ತಗಡಿನ ಕವಚ, ಅಲ್ಲಿಂದ ಬಿಸಿ ಗಾಳಿ ತರುವ ಕೊಳವೆ, ಪೈಲಟ್ ಕೈಗೆ ಒಂದು ಹಿಡಿಕೆ. ಹಿಡಿಕೆ ಪೂರ್ತಿ ಎಳೆಯಬೇಕು. ಕಷ್ಟ ಇರೋದು ಆಮೇಲೆ: ಕರಗಿದ ನೀರು ಎಂಜಿನ್‌ಗೆ ಹೋಗಿ ಅದು ಮೊದಲಿಗಿಂತ ಹೆಚ್ಚು ಗುಡುಗುಡು ಅಂತದ. ಹೊಸಬ ಹೆದರಿ ಹಿಡಿಕೆ ವಾಪಸ್ ತಳ್ಳಿದರೆ ಎಂಜಿನ್ನೇ ನಿಲ್ಲಬಹುದು. ಆಗ ಇಳಿಯೋದು ತೊಗರಿ ಹೊಲದಾಗ. ಇಳಿಯುವಾಗ ಆಕ್ಸಿಲೇಟರ್ ತಗ್ಗಿಸುವ ಮೊದಲೇ ಬಿಸಿ ಗಾಳಿ ಕೊಡುವುದು ಇದಕ್ಕೇ. ಇನ್ನೊಂದು, ಈ ಗಾಳಿ ಸಾಮಾನ್ಯವಾಗಿ ಫಿಲ್ಟರ್ ದಾಟಿ ಬರುವುದಿಲ್ಲ. ನಮ್ಮ ಧೂಳಿನಾಗ ನೆಲದ ಮೇಲೆ ಸುಮ್ಮನೆ ಎಳೆದಿಟ್ಟರೆ ಎಂಜಿನ್ ಸವೆಯುತ್ತದೆ.

ಮನೆಯಲ್ಲೇ ಕಟ್ಟಿಕೊಳ್ಳಲು ಅಮೆರಿಕದ ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಝಿ ವಿನ್ಯಾಸವನ್ನೇ ಆಧರಿಸಿ ಬೆಂಗಳೂರಿನ ಎನ್‌ಎಎಲ್ 1987ರಲ್ಲಿ ಎಲ್‌ಸಿಆರ್‌ಎ ಎಂಬ ಪುಟ್ಟ ವಿಮಾನ ಹಾರಿಸಿತ್ತು. ಅದೇ ಸಂಸ್ಥೆಯ ತರಬೇತಿ ವಿಮಾನ ಹಂಸ-ಎನ್‌ಜಿ ಮೊದಲು ಹಾರಿದ್ದು 2021ರ ಸೆಪ್ಟೆಂಬರ್ 3ರಂದು. ಈಗಿನ ಬೈಕ್‌ಗಳಂತೆ ಅದರ ಎಂಜಿನ್‌ನಲ್ಲೂ ಕಾರ್ಬೊರೇಟರ್ ಇಲ್ಲ, ಫ್ಯೂಯೆಲ್ ಇಂಜೆಕ್ಷನ್ ಅದ.