ಕೆರೆಯಾಚೆಯ ಲಷ್ಕರಿಗೂ ಒಂದು ನಗರಸಭೆಯಿತ್ತು

ಬಳ್ಳಾರಿ ಸೀಮೆ ಇಂಗ್ಲಿಷರ ಕೈಸೇರಿದ್ದು ಹೈದರಾಬಾದಿನ ಪಕ್ಕದ ಒಂದು ದಂಡಿನ ಖರ್ಚಿಗಾಗಿ. 1798ರಲ್ಲಿ ನಿಜಾಮ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡ. ಕಂಪನಿಯ ಪಡೆ ಅವನ ನೆಲದಲ್ಲಿ ಬೀಡುಬಿಡಬೇಕು, ಅನ್ನ ಅರಿವೆ ಮದ್ದುಗುಂಡಿನ ವೆಚ್ಚವೆಲ್ಲ ಅವನದೇ. ವರ್ಷ ವರ್ಷ ದುಡ್ಡೆಣಿಸುವ ಬದಲು ಎರಡೇ ವರ್ಷದಲ್ಲಿ, 1800ರಲ್ಲಿ, ಮೈಸೂರು ಯುದ್ಧಗಳಲ್ಲಿ ತನ್ನ ಪಾಲಿಗೆ ಬಂದಿದ್ದ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನೇ ಕಂಪನಿಗೆ ಬರೆದುಕೊಟ್ಟ. ನಮ್ಮ ಬಳ್ಳಾರಿಗೆ ಥಾಮಸ್ ಮನ್ರೋ ಕಲೆಕ್ಟರಾಗಿ ಬಂದದ್ದು ಹಾಗೆ. ಅತ್ತ ಆ ಪಡೆ ಹುಸೇನ್ ಸಾಗರ ಕೆರೆಯ ಉತ್ತರಕ್ಕೆ ಡೇರೆ ಹಾಕಿತು. 1806ರಲ್ಲಿ ಆ ದಂಡಿಗೆ ಮೂರನೆಯ ನಿಜಾಮ ಸಿಕಂದರ್ ಜಾಹನ ಹೆಸರಿಟ್ಟು ಸಿಕಂದರಾಬಾದ್ ಎಂದು ಕರೆದರು. ಊರ ಹಳಬರಿಗೆ ಅದು ಇಂದಿಗೂ ಲಷ್ಕರ್.

ಈ ಲಷ್ಕರಿನ ಆಡಳಿತದ ಕಥೆಯನ್ನು ಕನ್ನಡದ ಓದುಗರು ತಿಳಿಯಬೇಕೆಂದು ನನಗೆ ಬಹಳ ದಿನಗಳ ಆಸೆ. ಕಲಬುರಗಿ, ಬೀದರ್, ರಾಯಚೂರಿನವರಿಗೆ 1956ರ ನವೆಂಬರ್ 1ರವರೆಗೆ ಹೈದರಾಬಾದೇ ರಾಜಧಾನಿ ಎಂಬುದು ಅದಕ್ಕೊಂದು ಕಾರಣ. ಒಂದು ಊರಿಗೆ ತನ್ನದೇ ನಗರಸಭೆ ಬರುವುದು, ಅದು ದೊಡ್ಡ ಊರಿನಲ್ಲಿ ಕರಗುವುದು, ಕೊನೆಗೆ ಆ ದೊಡ್ಡ ಊರಿನ ಸಭೆಯೇ ವರ್ಷಗಟ್ಟಲೆ ಬೀಗ ಹಾಕಿಕೊಂಡು ಕೂರುವುದು, ಇಷ್ಟನ್ನೂ ಅನುಭವಿಸಿದ ಊರು ಇದು. ಬೆಂಗಳೂರಿನವರಿಗೆ ಇದು ಇನ್ನೂ ಹತ್ತಿರದ ಕಥೆಯಾಗಿ ಕಾಣುತ್ತದೆ.

ಒಂದೂವರೆ ಶತಮಾನ ಕೆರೆಯ ಎರಡು ದಡದಲ್ಲಿ ಎರಡು ರಾಜ್ಯಭಾರ ನಡೆಯಿತು. ದಕ್ಷಿಣಕ್ಕೆ ನಿಜಾಮನ ಶಹರ, ಅಲ್ಲಿ ಕೊತ್ವಾಲನ ಮಾತು. ಉತ್ತರಕ್ಕೆ ದಂಡು, ಅಲ್ಲಿ ಬ್ರಿಟಿಷ್ ಅಧಿಕಾರಿಗಳ ಕಾನೂನು, ಅವರದೇ ಪೊಲೀಸು, ಅವರದೇ ಕೋರ್ಟು. ನಿಜಾಮನ ಕಡೆ ಚಲಾವಣೆಯಲ್ಲಿದ್ದ ನಾಣ್ಯ ಹಾಲಿ ಸಿಕ್ಕಾ, ಲಷ್ಕರಿನಲ್ಲಿ ಇಂಗ್ಲಿಷರ ಕಲ್ದಾರ್ ರೂಪಾಯಿ. ಏಳು ಹಾಲಿ ಕೊಟ್ಟರೆ ಹೆಚ್ಚುಕಡಿಮೆ ಆರು ಕಲ್ದಾರ್ ಸಿಗುತ್ತಿತ್ತು. ಶಹರದಲ್ಲಿ ಸಂಬಳ ತೆಗೆದುಕೊಂಡವನು ಟ್ಯಾಂಕ್ ಬಂಡ್ ದಾಟಿ ಜನರಲ್ ಬಜಾರಿಗೆ ಬಟ್ಟೆ ಕೊಳ್ಳಲು ಹೋದರೆ ಮೊದಲು ವಟ್ಟದ ಲೆಕ್ಕ ಮುಗಿಸಬೇಕು. ಏರಿಯ ಮೇಲೆ ಕಾಲ್ನಡಿಗೆಯ ದೂರ, ಅಷ್ಟರಲ್ಲಿ ನಾಣ್ಯವೂ ಕಾಯಿದೆಯೂ ಬದಲು.

ದಂಡಿನ ಬೆನ್ನಿಗೆ ಪೇಟೆ ಬೆಳೆಯಿತು. ಮದರಾಸು ಸೈನ್ಯದ ಜೊತೆ ತಮಿಳು ಮೊದಲಿಯಾರರು ಗುತ್ತಿಗೆದಾರರಾಗಿ ಬಂದರು, ಪಾರ್ಸಿಗಳು ವ್ಯಾಪಾರಕ್ಕೆ ಬಂದರು, ಮಾರವಾಡಿಗಳು ಲೇವಾದೇವಿಗೆ ಬಂದರು, ಸುತ್ತಲ ತೆಲುಗು ಹಳ್ಳಿಗಳವರು ಕೂಲಿಗೂ ಕಸಬಿಗೂ ಬಂದರು. ರೆಜಿಮೆಂಟಲ್ ಬಜಾರ್, ಮೊಂಡಾ ಮಾರ್ಕೆಟ್, ಈಗ ಮಹಾತ್ಮ ಗಾಂಧಿ ರಸ್ತೆಯಾಗಿರುವ ಜೇಮ್ಸ್ ಸ್ಟ್ರೀಟ್, ಎಲ್ಲವೂ ಸಿಪಾಯಿಯ ಜೇಬನ್ನು ನಂಬಿ ಹುಟ್ಟಿದವು. 1874ರಲ್ಲಿ ನಮ್ಮ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಓಡಿತು. ಮುಂಬೈ-ಮದರಾಸು ಹಳಿಗೆ ಲಷ್ಕರನ್ನು ಜೋಡಿಸಿದ್ದು ಚಿತ್ತಾಪುರ ಸೀಮೆಯ ಆ ವಾಡಿ ಜಂಕ್ಷನ್ನೇ.

ಜನ ದಟ್ಟವಾದಲ್ಲಿ ರೋಗ ತಪ್ಪಿದ್ದಲ್ಲ. 1813ರ ಸುಮಾರಿಗೆ ಇಲ್ಲಿ ಕಾಲರಾ ಹಬ್ಬಿತು. ಉಜ್ಜಯಿನಿಗೆ ದಂಡಿನ ಕೆಲಸದ ಮೇಲೆ ಹೋಗಿದ್ದ ಸುರಿಟಿ ಅಪ್ಪಯ್ಯ ಎಂಬ ಡೋಲಿ ಹೊರುವವನು ಅಲ್ಲಿನ ಮಹಾಕಾಳಿಗೆ ಹರಕೆ ಹೊತ್ತು, ರೋಗ ಇಳಿದ ಮೇಲೆ 1815ರಲ್ಲಿ ಲಷ್ಕರಿನಲ್ಲಿ ಕಟ್ಟಿಗೆಯ ವಿಗ್ರಹ ಸ್ಥಾಪಿಸಿದ ಎಂಬುದು ಸ್ಥಳದ ಐತಿಹ್ಯ. ಆಷಾಢದಲ್ಲಿ ಲಕ್ಷಾಂತರ ಜನ ಸೇರುವ ಲಷ್ಕರ್ ಬೋನಾಲು ಹಬ್ಬ ನಡೆಯುವುದು ಆ ಉಜ್ಜಯಿನಿ ಮಹಾಕಾಳಿಯ ಗುಡಿಯಲ್ಲೇ. ಅಪ್ಪಯ್ಯನ ಕಾಲದಲ್ಲಿ ಕಾಲರಾ ಬಂದರೆ ಬಡವನು ಮೊರೆಯಿಡಲು ದೇವಿಯ ಹೊರತು ಬೇರೆ ಕಚೇರಿ ಇರಲಿಲ್ಲ. ನೀರು, ಚರಂಡಿ, ಕಸ ಇವು ಊರಿನ ಹೊಣೆ, ಅದಕ್ಕೆ ಹೆಸರು ಹೇಳಿ ಕೇಳಬಹುದಾದ ಒಬ್ಬ ಮನುಷ್ಯ ಇರಬೇಕು ಎಂಬ ತಿಳಿವಳಿಕೆ ಬರಲು ಬಹಳ ಕಾಲ ಹಿಡಿಯಿತು. ಬೇಗಂಪೇಟೆಯಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಾಣುವನ್ನು ಕಂಡದ್ದು 1897ರ ಆಗಸ್ಟ್ 20ರಂದು. ನಿಂತ ನೀರು ಬರೀ ಕೊಳಕಲ್ಲ, ಕೊಲ್ಲುತ್ತದೆ ಎಂದು ಜಗತ್ತಿಗೇ ಸಾಬೀತಾದದ್ದು ಈ ಊರಿನಲ್ಲಿ.

ಕೆರೆಯ ಈಚೆ, ಶಹರದ ಕಡೆ, ಬಲ್ದಿಯಾ ಶುರುವಾದದ್ದು 1869ರಲ್ಲಿ. ಹೈದರಾಬಾದಿನವರ ಬಾಯಲ್ಲಿ ಇಂದಿಗೂ ನಗರಸಭೆ ಎಂದರೆ ಬಲ್ದಿಯಾ. ದಿವಾನ ಮೊದಲನೆಯ ಸಾಲಾರ್ ಜಂಗ್ ಶಹರವನ್ನು ನಾಲ್ಕು ವಿಭಾಗ, ಹೊರವಲಯವನ್ನು ಐದು ವಿಭಾಗ ಮಾಡಿ ಮೊದಲು ಎಲ್ಲವನ್ನೂ ಕೊತ್ವಾಲನ ಕೈಗಿತ್ತ. ಕಳ್ಳನನ್ನು ಹಿಡಿಯುವವನೇ ಕಸವನ್ನೂ ಎತ್ತಿಸಬೇಕಿತ್ತು. ಮೂಸಿ ನದಿಯ ಆಚೆ ದಡದ ಚಾದರ್‌ಘಾಟ್ ಇಂಗ್ಲಿಷರ ಪ್ರತಿನಿಧಿಯ ನೆಲೆಯಾದ ರೆಸಿಡೆನ್ಸಿಯ ಸುತ್ತ ಬೇಗ ಬೆಳೆದು, 1886ರಲ್ಲಿ ತನ್ನದೇ ಪುರಸಭೆ ಪಡೆಯಿತು. ಅದರ ಒಡಲಲ್ಲೇ ಇಂಗ್ಲಿಷರ ಹಿಡಿತದಲ್ಲಿದ್ದ ರೆಸಿಡೆನ್ಸಿ ಬಜಾರು, ಅಂದರೆ ಇಂದಿನ ಸುಲ್ತಾನ್ ಬಜಾರು. ಒಂದೇ ಬೀದಿಯ ಎಡಬಲಕ್ಕೆ ಎರಡು ಸರ್ಕಾರ. ಅಲ್ಲಿಗೆ ಸಮೀಪದ ಕಾಚಿಗುಡದಲ್ಲೇ ಕನ್ನಡಿಗರ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇವೆ. ನಿಜಾಮ ಸಂಸ್ಥಾನದ ಕನ್ನಡ ಜಿಲ್ಲೆಗಳಿಂದ ಓದಿಗೆ, ನೌಕರಿಗೆ ಬಂದವರು ಬೇರೂರಿದ ಕೇರಿಗಳಲ್ಲಿ ಇದೂ ಒಂದು.

1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿತು. ಸುಮಾರು 15,000 ಜನ ಸತ್ತರೆಂದು ಅಂದಾಜು. ಇಂಥ ದುರಂತಕ್ಕೆ ಕೊತ್ವಾಲನೂ ಸಾಲ, ಪುರಸಭೆಯೂ ಸಾಲ. ನಿಜಾಮ ಸರ್ಕಾರ ಕರೆಸಿದ್ದು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಮುಂಬೈ ಸರ್ಕಾರದ ಸೇವೆ ಬಿಟ್ಟು ಯುರೋಪು ಸುತ್ತಿ ಬಂದಿದ್ದ ಅವರು 1909ರಲ್ಲಿ ಹೈದರಾಬಾದಿನ ಕೆಲಸ ವಹಿಸಿಕೊಂಡರು. ಪ್ರವಾಹವನ್ನು ಊರಿನಲ್ಲಿ ತಡೆದು ಪ್ರಯೋಜನವಿಲ್ಲ, ಊರ ಮೇಲ್ಗಡೆಯೇ ಕಟ್ಟಿಹಾಕಬೇಕು ಎಂಬುದು ಅವರ ಲೆಕ್ಕಾಚಾರ. ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿ ತಲೆಯೆತ್ತಿದವು. ಒಳಚರಂಡಿಯ ಯೋಜನೆಯನ್ನೂ ಅವರೇ ಹಾಕಿಕೊಟ್ಟರು. 1909ರ ಕೊನೆಗೆ ಮೈಸೂರು ಕರೆಯಿತು, ಚೀಫ್ ಇಂಜಿನಿಯರಾಗಿ ಹೊರಟರು. ಹೈದರಾಬಾದಿನ ಆ ಕೆಲಸವೂ ಕನ್ನಂಬಾಡಿಯೂ ಒಂದೇ ಕೈಯಿಂದ ಬೆನ್ನುಬೆನ್ನಿಗೆ ಬಂದವು ಎಂಬ ಹೆಮ್ಮೆ ನಮಗಿರಬೇಕು.

ಆದರೆ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಈ ದೊಡ್ಡ ಕೆಲಸಗಳೆಲ್ಲ ಪುರಸಭೆಯ ಹೊರಗೆ ನಡೆದವು. 1912ರಲ್ಲಿ ಹುಟ್ಟಿದ ನಗರ ಸುಧಾರಣಾ ಮಂಡಲಿ, ಆರಾಯಿಷ್-ಎ-ಬಲ್ದಾ, ಕೊಳಕು ಕೇರಿಗಳನ್ನು ತೆಗೆದು ನಾಂಪಲ್ಲಿಯಲ್ಲಿ ಮನೆ ಕಟ್ಟಿತು, ಪತ್ಥರ್‌ಗಟ್ಟಿಯ ಕಲ್ಲಿನ ಅಂಗಡಿ ಸಾಲು ಎಬ್ಬಿಸಿತು. ಇಂದಿಗೂ ನೋಡಿದರೆ ಕಣ್ಣು ತುಂಬುವ ಕೆಲಸ. ಆದರೆ ಅದು ದೊರೆಯ ಮಂಡಲಿ, ಅಲ್ಲಿ ಓಟು ಹಾಕಿದವರು ಯಾರೂ ಇಲ್ಲ. ಮುಖ್ಯ ಕೆಲಸವನ್ನೆಲ್ಲ ಬೇರೆ ಮಂಡಲಿಗೆ ಕೊಟ್ಟು ನಗರಸಭೆಗೆ ಕಸ ಮತ್ತು ಕಂದಾಯ ಮಾತ್ರ ಬಿಡುವ ಚಾಳಿಯನ್ನು ನಮ್ಮ ನಗರಗಳು ಇಂದಿಗೂ ಬಿಟ್ಟಿಲ್ಲ.

1933ರಲ್ಲಿ ಚಾದರ್‌ಘಾಟ್ ಹೈದರಾಬಾದಿನಲ್ಲಿ ಸೇರಿ ಕಾರ್ಪೊರೇಷನ್ ಆಯಿತು. ರೆಸಿಡೆನ್ಸಿ ಬಜಾರೂ ಅದೇ ವರ್ಷ ನಿಜಾಮನಿಗೆ ಮರಳಿತು. 1934ರಲ್ಲಿ ಮೊದಲ ಚುನಾವಣೆ ನಡೆಯಿತು. 1942ಕ್ಕೆ ಸರ್ಕಾರ ಕಾರ್ಪೊರೇಷನ್ನಿನ ಸ್ಥಾನವನ್ನೇ ಕಿತ್ತುಕೊಂಡಿತು. ಎಂಟು ವರ್ಷಕ್ಕೇ ಮುಗಿದ ಈ ಪ್ರಯೋಗ ಮುಂದಿನದಕ್ಕೆ ಮುನ್ಸೂಚನೆಯಂತಿದೆ.

ಲಷ್ಕರಿನ ಪೇಟೆಗೆ ತನ್ನದೇ ನಗರಸಭೆ ಬಂದದ್ದು 1945ರಲ್ಲಿ. ಮೂರು ವರ್ಷದಲ್ಲಿ ಭಾರತ ಸರ್ಕಾರದ ಪೊಲೀಸ್ ಕಾರ್ಯಾಚರಣೆ, ನಿಜಾಮನ ಆಳ್ವಿಕೆಯೇ ಕೊನೆ. 1950ರಲ್ಲಿ ಹೈದರಾಬಾದ್, ಸಿಕಂದರಾಬಾದ್ ಎರಡೂ ಕಾರ್ಪೊರೇಷನ್ ಆದವು. ಹೈದರಾಬಾದಿನ ಮೊದಲ ಮೇಯರ್ ಮಾಡಪಾಟಿ ಹನುಮಂತರಾವ್, 1951ರಿಂದ 1954ರವರೆಗೆ. ನಿಜಾಮನ ಕಾಲದಲ್ಲಿ ತೆಲುಗು ಗ್ರಂಥಾಲಯಗಳಿಗಾಗಿ, ಹೆಣ್ಣುಮಕ್ಕಳ ಶಾಲೆಗಾಗಿ ದುಡಿದ ಹಿರಿಯರು. ಕೆರೆಯ ಎರಡೂ ದಡದಲ್ಲಿ ಸ್ವತಂತ್ರ ಭಾರತದ ಎರಡು ಚುನಾಯಿತ ಸಭೆಗಳು ಕೂತ ಆ ಹತ್ತು ವರ್ಷ ನನಗೆ ಬಹಳ ಪ್ರಿಯವಾದ ಕಾಲ. ಮೊಂಡಾ ಮಾರ್ಕೆಟ್ಟಿನ ಕೊಳಕು ನೀರಿನ ಬಗ್ಗೆ ಮೊಂಡಾ ಮಾರ್ಕೆಟ್ಟಿನಿಂದ ಗೆದ್ದುಬಂದವನು ಲಷ್ಕರಿನದೇ ಸಭೆಯಲ್ಲಿ ಎದ್ದುನಿಂತು ಕೇಳಬಹುದಾಗಿದ್ದ ಕಾಲ ಅದು.

1960ರ ಆಗಸ್ಟ್ 3ರಂದು ಸಿಕಂದರಾಬಾದ್ ಕಾರ್ಪೊರೇಷನ್ ಹೈದರಾಬಾದಿನಲ್ಲಿ ವಿಲೀನವಾಯಿತು. ನಮ್ಮಲ್ಲೂ ಹೀಗೇ ನಡೆದಿತ್ತು. ಬೆಂಗಳೂರಿನ ದಂಡು 1947ರಲ್ಲಿ ಮೈಸೂರಿಗೆ ಮರಳಿ, 1949ರಲ್ಲಿ ಪೇಟೆಯ ನಗರಸಭೆಯೊಂದಿಗೆ ಸೇರಿ ಒಂದು ಕಾರ್ಪೊರೇಷನ್ ಆಯಿತು. ಎರಡು ನೀರಿನ ವ್ಯವಸ್ಥೆ, ಎರಡು ತೆರಿಗೆ ಪಟ್ಟಿ, ಎರಡು ಕಟ್ಟಡ ನಿಯಮ ಒಂದಾದರೆ ಊರಿಗೆ ಲಾಭವೇ. ಹಾಗಾಗಿ ವಿಲೀನ ತಪ್ಪೆಂದು ನಾನು ಹೇಳುವುದಿಲ್ಲ. ಒಂದಾದ ನಗರಕ್ಕೆ ಒಳ್ಳೆಯ ಮೇಯರುಗಳೂ ಸಿಕ್ಕರು. 1962ರಲ್ಲಿ ಮೊದಲ ಮಹಿಳಾ ಮೇಯರ್ ಆದ ವನಪರ್ತಿಯ ರಾಣಿ ಕುಮುದಿನಿ ದೇವಿ, ಅದಕ್ಕೂ ಮೊದಲೇ 1958ರಲ್ಲಿ ಕೂಕಟ್‌ಪಲ್ಲಿಯಲ್ಲಿ ಕುಷ್ಠರೋಗಿಗಳಿಗಾಗಿ ಶಿವಾನಂದ ಪುನರ್ವಸತಿ ಕೇಂದ್ರ ತೆರೆದಿದ್ದವರು. ಊರು ದೂರ ತಳ್ಳಿದವರನ್ನು ಹತ್ತಿರ ಕರೆದವರ ಕೈಗೆ ಊರಿನ ಆಡಳಿತ ಬಂದಿತ್ತು.

ಅನ್ಯಾಯವಾದದ್ದು ಆಮೇಲೆ. 1970ರಲ್ಲಿ ಸಭೆಯ ಅವಧಿ ಮುಗಿಯಿತು, ಮತ್ತೆ ಚುನಾವಣೆ ನಡೆದದ್ದು 1986ರಲ್ಲಿ. 1991ಕ್ಕೆ ಆ ಸಭೆಯೂ ಮುಗಿಯಿತು, ಮುಂದಿನದು ಬಂದದ್ದು 2002ರಲ್ಲಿ. ಸ್ಥಳೀಯ ಸಂಸ್ಥೆಗಳಿಗೆ ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಲೇಬೇಕೆಂದ ಸಂವಿಧಾನದ 74ನೇ ತಿದ್ದುಪಡಿ 1993ರಲ್ಲೇ ಜಾರಿಯಾಗಿತ್ತು, ಆದರೂ ಹೀಗೆ. 2007ರಿಂದ ಮತ್ತೆ ಎರಡು ವರ್ಷ ಖಾಲಿ. 1970ರಿಂದ 2009ರವರೆಗೆ ಲೆಕ್ಕ ಹಾಕಿದರೆ ಸುಮಾರು ನಲವತ್ತು ವರ್ಷದಲ್ಲಿ ಚುನಾಯಿತ ಸಭೆ ಇದ್ದದ್ದು ಸುಮಾರು ಹತ್ತೇ ವರ್ಷ. ಉಳಿದ ಕಾಲವೆಲ್ಲ ವಿಶೇಷಾಧಿಕಾರಿಗಳ ಆಡಳಿತ. ಅವರಲ್ಲಿ ಸಮರ್ಥರು ಇದ್ದರು. ಆದರೆ ವರ್ಗವಾಗಿ ಹೋಗುವ ಅಧಿಕಾರಿಗೂ ಅದೇ ಗಲ್ಲಿಯಲ್ಲಿ ಮುಂದಿನ ಓಟು ಕೇಳಬೇಕಾದ ಕಾರ್ಪೊರೇಟರಿಗೂ ಇರುವ ವ್ಯತ್ಯಾಸ ಬಾಗಿಲಿಗೆ ನಾಲಾ ನೀರು ನುಗ್ಗಿದ ಮನೆಯವರಿಗೆ ಗೊತ್ತು. ಲಷ್ಕರು ತನ್ನ ಸಭೆಯನ್ನು ದೊಡ್ಡ ಸಭೆಗೆ ಒಪ್ಪಿಸಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ದೊಡ್ಡ ಸಭೆಯ ಬಾಗಿಲು ಮುಚ್ಚಿತು.

ಸಭೆ ಕೂತಾಗಲೆಲ್ಲ ರಾಜಕೀಯವೂ ಹೊಸ ದಾರಿ ಹಿಡಿದಿದೆ. 1986ರ ನಂತರ ಅಧಿಕಾರ ಹಿಡಿದ ಮಜ್ಲಿಸ್ ಪಕ್ಷ ಪ್ರಕಾಶ್ ರಾವ್, ಸತ್ಯನಾರಾಯಣ, ಪೋಚಯ್ಯ ಇವರನ್ನು ಮೇಯರ್ ಮಾಡಿತು. ಹಳೆ ಶಹರದ ಮುಸ್ಲಿಮರ ಪಕ್ಷವೆಂದೇ ಹೆಸರಾದದ್ದು ಹಿಂದೂ ಮೇಯರುಗಳನ್ನು ಕೂರಿಸಿದ್ದನ್ನು ಹೈದರಾಬಾದಿನ ರಾಜಕೀಯ ಬಲ್ಲವರು ಇಂದಿಗೂ ನೆನೆಯುತ್ತಾರೆ. 2002ರಲ್ಲಿ ಮೇಯರನ್ನು ಜನರೇ ನೇರವಾಗಿ ಆರಿಸಿದರು, ತೆಲುಗುದೇಶಂನ ತೀಗಲ ಕೃಷ್ಣಾರೆಡ್ಡಿ ಗೆದ್ದರು. 2007ರ ಏಪ್ರಿಲ್‌ನಲ್ಲಿ 12 ಪುರಸಭೆ, 8 ಗ್ರಾಮ ಪಂಚಾಯಿತಿಗಳನ್ನು ಸೇರಿಸಿಕೊಂಡು ಬೃಹತ್ ಹೈದರಾಬಾದ್ ಮಹಾನಗರ ಪಾಲಿಕೆ ಹುಟ್ಟಿತು, 150 ವಾರ್ಡು. ಸಿಕಂದರಾಬಾದ್ ಅದರಲ್ಲೊಂದು ವಲಯವಾಯಿತು. 2009, 2016, 2020ರಲ್ಲಿ ಚುನಾವಣೆಗಳು ನಡೆದವು. ಮತದಾನ ಮಾತ್ರ ಒಮ್ಮೆಯೂ ಶೇಕಡ 50 ಮುಟ್ಟಲಿಲ್ಲ. ಅಷ್ಟು ವರ್ಷ ಸಭೆಯೇ ಇಲ್ಲದ ಊರಿನಲ್ಲಿ ಓಟಿನ ರೂಢಿ ತಪ್ಪಿದ್ದಕ್ಕೆ ಜನರನ್ನಷ್ಟೇ ದೂರಲಾಗದು. 2025ರ ಕೊನೆಗೆ ಸುತ್ತಲಿನ ಇನ್ನೂ 27 ಪುರಸಭೆ, ನಗರಪಾಲಿಕೆಗಳನ್ನು ಪಾಲಿಕೆಯೊಳಗೆ ತಂದರು. ಅದೇ ವರ್ಷ ಬೆಂಗಳೂರು ಬೃಹತ್ ಪಾಲಿಕೆಯನ್ನು ಒಡೆದು ಐದು ಮಾಡಿತು. ಕೂಡಿಸಿದ ಊರು, ಕಳೆದ ಊರು ಎರಡೂ ನಮ್ಮ ಕಣ್ಣೆದುರಿಗಿವೆ. ಆದರೆ ಬೆಂಗಳೂರಿನ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. ಎಷ್ಟು ಹೋಳು ಎಂಬ ಚರ್ಚೆಗೆ ಸಿಕ್ಕ ಜಾಗದ ಕಾಲುಭಾಗವೂ ಆ ಖಾಲಿ ಸಭಾಂಗಣಕ್ಕೆ ಸಿಗಲಿಲ್ಲ.

ಇಷ್ಟಾದರೂ ಸಿಕಂದರಾಬಾದಿನ ಒಂದು ಭಾಗ ಈ ಲೆಕ್ಕಕ್ಕೆ ಬರುವುದೇ ಇಲ್ಲ. ತಿರುಮಲಗಿರಿ, ಬೋಯಿನ್‌ಪಲ್ಲಿ, ಕಾರ್ಖಾನಾ, ಪಿಕೆಟ್, ರಸೂಲ್‌ಪುರ ಇವು ಇಂದಿಗೂ ಕಂಟೋನ್ಮೆಂಟ್. ಅಲ್ಲಿನ ಆಡಳಿತ ನಡೆಸುವುದು ಕರ್ನಾಟಕದಲ್ಲಿ ಬೆಳಗಾವಿಯಲ್ಲಿರುವಂಥದೇ ಕಂಟೋನ್ಮೆಂಟ್ ಬೋರ್ಡು. 2006ರ ಕಾಯಿದೆಯಂತೆ ದೊಡ್ಡ ದಂಡುಗಳಲ್ಲಿ ಎಂಟು ಜನ ಚುನಾಯಿತರು, ಇನ್ನುಳಿದವರು ಸೈನ್ಯ ಮತ್ತು ಸರ್ಕಾರದ ಕಡೆಯವರು. ಅಧ್ಯಕ್ಷ ಸೇನಾಧಿಕಾರಿ, ಉಪಾಧ್ಯಕ್ಷ ಮಾತ್ರ ಚುನಾಯಿತ. ರಸ್ತೆಯ ಈ ಬದಿಯವರು ಮನೆ ಕಟ್ಟಲು ಪಾಲಿಕೆಯ ಅನುಮತಿ ಪಡೆದರೆ, ಆ ಬದಿಯವರು ಬೋರ್ಡಿನ ಕಚೇರಿಗೆ ನಡೆಯಬೇಕು. ತೆರಿಗೆ ರಸೀದಿ ಬೇರೆ, ಮಗುವಿನ ಜನನ ಪ್ರಮಾಣಪತ್ರ ಕೊಡುವ ಕಿಟಕಿ ಬೇರೆ. ಸೈನ್ಯದ ನೆಲದ ನಡುವೆ ಹಾಯುವ ರಸ್ತೆಗಳ ಗೇಟು ಮುಚ್ಚಿದಾಗ ಮಲ್ಕಾಜ್‌ಗಿರಿ ಕಡೆಯ ಸಾವಿರಾರು ಮನೆಯವರು ಸುತ್ತಿ ಬಳಸಿ ಹೋಗಬೇಕಾಯಿತು, ದೇಶದ ದಂಡುಗಳ ರಸ್ತೆ ತೆರೆಯಿರೆಂದು 2018ರಲ್ಲಿ ರಕ್ಷಣಾ ಸಚಿವಾಲಯವೇ ಹೇಳಬೇಕಾಯಿತು.

ಈ ಬೋರ್ಡಿಗೆ ಕೊನೆಯ ಬಾರಿ ಚುನಾವಣೆ ನಡೆದದ್ದು 2015ರ ಜನವರಿಯಲ್ಲಿ. ಅವಧಿ ಮುಗಿದ ಮೇಲೆ ನಾಮನಿರ್ದೇಶಿತರ ಆಡಳಿತ. 2023ರ ಏಪ್ರಿಲ್ 30ಕ್ಕೆ ಮತದಾನ ಗೊತ್ತುಮಾಡಿ ಮಾರ್ಚಿನಲ್ಲೇ ರದ್ದು ಮಾಡಿದರು. ನಾಗರಿಕ ವಸತಿಗಳನ್ನು ದಂಡಿನಿಂದ ಬಿಡಿಸಿ ಪಾಲಿಕೆಗೆ ಸೇರಿಸುವ ಮಾತು ನಡೆಯುತ್ತಿರುವುದೇ ಅದಕ್ಕೆ ಕಾರಣ. 2011ರ ಜನಗಣತಿಯಲ್ಲೇ ಎರಡು ಲಕ್ಷ ದಾಟಿದ್ದ ಈ ಜನರನ್ನು ಪಾಲಿಕೆಗೆ ಸೇರಿಸಲಿ, ಅಥವಾ ಬೋರ್ಡಿನಲ್ಲೇ ಇರಿಸಲಿ, ಲಷ್ಕರಿಗೆ ಮತ್ತೆ ಬೇರೆ ಕಾರ್ಪೊರೇಷನ್ನನ್ನೇ ಕೊಡಲಿ, ಆ ತೀರ್ಮಾನ ಆಗುವವರೆಗೂ ರಸೂಲ್‌ಪುರದ ಬಸ್ತಿಯಲ್ಲಿ ನಲ್ಲಿ ನಿಂತರೆ ಕೇಳಲು ಅವರು ತಾವೇ ಆರಿಸಿದ ಒಬ್ಬ ಸದಸ್ಯನಿರಬೇಕು. ಅದಕ್ಕಾಗಿ ಚುನಾವಣೆಯನ್ನು ಇನ್ನೊಂದು ವರ್ಷವೂ ಮುಂದೂಡಬಾರದು.