ಲಿಂಗವೋ ವರ್ಗವೋ: ಈಶಾನ್ಯ ಕಾಕಸಸ್ ಭಾಷೆಗಳು ಮತ್ತು ಕನ್ನಡ

ಕನ್ನಡದಲ್ಲಿ ಲಿಂಗಗಳೆಷ್ಟು ಎಂಬ ಪ್ರಶ್ನೆ ಹಳೆಯದು. ಹದಿಮೂರನೆಯ ಶತಮಾನದ ಕೇಶಿರಾಜ ಒಂಬತ್ತು ಎಂದನು. ಇಂದಿನ ತರಗತಿಗಳಲ್ಲಿ ಮೂರು ಎನ್ನುತ್ತೇವೆ. ಎಣಿಕೆಗಿಂತ ‘ಲಿಂಗ’ ಎಂಬ ಪರಿಭಾಷೆಯೇ ಹೆಚ್ಚು ತೊಡಕಿನದು. ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ ‘ದಾರಾ’ ಪುಲ್ಲಿಂಗ, ‘ಕಲತ್ರ’ ನಪುಂಸಕ. ಗುಬ್ಬಿ, ಕುಣಿಗಲ್ ಕಡೆಯ ವಿದ್ಯಾರ್ಥಿಗೆ ಇಂತಹ ಬಾಯಿಪಾಠ ಬೇಕಿಲ್ಲ; ಬಂದ, ಬಂದ್ಲು, ಬಂತು ಎಂದು ಅರ್ಥವನ್ನರಿತೇ ನುಡಿಯುತ್ತಾನೆ. ಆದರೆ ‘ಮನೆಗೆ ಹೆಣ್ಣು ಬಂತು’ ಎಂದಾಗ ಲಿಂಗವೆಂಬ ಹೆಸರು ಅವನ ನೆರವಿಗೆ ಬಾರದು.

ಈ ತೊಡಕನ್ನು ದೂರದ ಒಂದು ಭಾಷಾಕುಟುಂಬದ ಬೆಳಕಿನಲ್ಲಿ ನೋಡಬಹುದು. ಕಾಸ್ಪಿಯನ್ ಸಮುದ್ರದ ಪಶ್ಚಿಮಕ್ಕಿರುವ ದಾಗೆಸ್ತಾನ, ಚೆಚೆನ್ಯಾ ಮೊದಲಾದ ಗುಡ್ಡನಾಡುಗಳಲ್ಲಿ ಈಶಾನ್ಯ ಕಾಕಸಸ್ ಕುಟುಂಬದ ಸುಮಾರು 30 ಭಾಷೆಗಳಿವೆ. ದ್ರಾವಿಡದೊಡನೆ ಇವಕ್ಕೆ ವಂಶಸಂಬಂಧ ಸಿದ್ಧವಾಗಿಲ್ಲ. ಇಲ್ಲಿನ ಹೋಲಿಕೆ ರಚನೆಗೆ ಸೀಮಿತವಾದುದು.

ದಾಗೆಸ್ತಾನದ ಅವಾರ್ ಭಾಷೆಯಲ್ಲಿ ‘ವಸ್ ವಚನ’ ಎಂದರೆ ಹುಡುಗ ಬಂದನು. ‘ಯಸ್ ಯಚನ’ ಹುಡುಗಿ ಬಂದಳು. ‘ಚು ಬಚನ’ ಕುದುರೆ ಬಂದಿತು. (ನಮ್ಮ ವಚನಕ್ಕೂ ಇದಕ್ಕೂ ನಂಟಿಲ್ಲ, ಅಲ್ಲಿನ ಚಕಾರದ ಉಚ್ಚಾರಣೆಯನ್ನು ನಮ್ಮ ಲಿಪಿ ಹಿಡಿಯಲಾರದು.) ಗಂಡಸು, ಹೆಂಗಸು, ಉಳಿದುದೆಲ್ಲ ಎಂಬ ವಿಂಗಡಣೆ ನಮ್ಮದನ್ನೇ ಹೋಲುತ್ತದೆ. ಕನ್ನಡದಲ್ಲಿ ಅದು ಕ್ರಿಯಾಪದದ ಕೊನೆಯಲ್ಲಿದ್ದರೆ ಅಲ್ಲಿ ಮೊದಲಿನಲ್ಲಿದೆ. ಬಹುವಚನದಲ್ಲಿ ಮಾತ್ರ ದಾರಿ ಬೇರೆ: ಹುಡುಗರಿಗೂ ಕುದುರೆಗಳಿಗೂ ಅಲ್ಲಿ ‘ರಚನ’ ಒಂದೇ, ನಮ್ಮಲ್ಲಿ ಬಂದರು, ಬಂದುವು ಎಂಬ ಭೇದ ಉಳಿದಿದೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ‘ತಾಯಿ ಮಗನನ್ನು ಕಂಡಳು’ ಎಂಬಲ್ಲಿ ಅವಾರ್ ಕ್ರಿಯಾಪದ ತಾಯಿಯನ್ನಲ್ಲ, ಮಗನನ್ನು ಅನುಸರಿಸುತ್ತದೆ.

ಚೆಚೆನ್ ಭಾಷೆಯಲ್ಲಿ ಸಾಂಪ್ರದಾಯಿಕ ಎಣಿಕೆಯಂತೆ ಇಂತಹ ಗುಂಪುಗಳು ಆರು. ಆರು ‘ಲಿಂಗ’ಗಳೆಂದರೆ ಹಾಸ್ಯಾಸ್ಪದವಾದೀತು. ಆದುದರಿಂದಲೇ ಭಾಷಾವಿಜ್ಞಾನಿಗಳು ‘ವರ್ಗ’ ಎಂಬ ಪದವನ್ನು ಬಳಸುತ್ತಾರೆ. ತಮಿಳಿನ ತೊಲ್ಕಾಪ್ಪಿಯಂ ಉಯರ್ತಿಣೈ, ಅಃರಿಣೈ ಎಂದು ಬಹು ಹಿಂದೆಯೇ ವಿಂಗಡಿಸಿದುದು ಇದೇ ಬಗೆಯದು. ಕನ್ನಡಕ್ಕೂ ‘ವರ್ಗ’ವೇ ಸಲ್ಲುತ್ತದೆಂಬುದು ನಮ್ಮ ಅಭಿಪ್ರಾಯ. ಹಾಗೆ ನೋಡಿದರೆ ‘ಹೆಣ್ಣು ಬಂತು’, ‘ಕೂಸು ಬಂತು’ ಎಂಬವು ಅಪವಾದಗಳಾಗದೆ, ಪದವು ಸೇರಿದ ವರ್ಗದ ಸಹಜ ಪ್ರಯೋಗಗಳಾಗುತ್ತವೆ.

ವರ್ಗದ ಗೆರೆಗಳು ಒಂದೇ ಕುಟುಂಬದೊಳಗೂ ಸರಿಯುತ್ತವೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಕೇಳಿಬರುವ ತೆಲುಗಿನಲ್ಲಿ ಅಮ್ಮನಿಗೂ ಆಕಳಿಗೂ ‘ವಚ್ಚಿಂದಿ’ ಒಂದೇ ರೂಪ. ಕಾಸರಗೋಡಿನ ಕನ್ನಡಿಗರು ಕೇಳುವ ಮಲಯಾಳದ ‘ವನ್ನು’ ಅವನು, ಅವಳು, ಅದು ಮೂರಕ್ಕೂ ಬದಲಾಗದು. ಭೇದ ಸರ್ವನಾಮದಲ್ಲಷ್ಟೇ ಉಳಿದಿದೆ. ಅವಾರ್‌ನ ಬಂಧುವಾದ ಲೆಜ್ಗಿ ಭಾಷೆಯಾದರೋ ವರ್ಗವ್ಯವಸ್ಥೆಯನ್ನೇ ಪೂರ್ಣವಾಗಿ ಕಳೆದುಕೊಂಡಿದೆ.